ಶನಿ ದಾಟಿದವನಿಗೊಂದು ಹರಕೆ

ದ್ಯಾಮಮ್ಮ: ಅವನು ಸಾಯಂಗಿಲ್ಲ. ಅಷ್ಟೇ. ಇನ್ನು ಆ ಮಾತು ಎತ್ತಬ್ಯಾಡ.

ರುದ್ರಾಣಿ: ಸಾಯ್ಲೇಬೇಕು ಅತ್ತೆ. ಅದೂ ಐದು ಗಂಟೆ ಒಳಗೆ.

ದ್ಯಾಮಮ್ಮ: ನಿನಗೇನು ಅನ್ಯಾಯ ಮಾಡಿದ್ದ ಅವನು? ಬಿಸಿ ಅನ್ನ ಕಂಡು ಆರು ವರ್ಷ ಆತು. ಟೂತ್‌ಪೇಸ್ಟ್ ಥರದ್ದು ಏನೋ ಹಿಂಡ್ಕೊಂಡು ತಿಂತಾ ಬಿದ್ದಾನೆ ಪಾಪ. ಅಂಥೋನ್ನ ಕೊಲ್ಲಾಕೆ ನಿನಗೆ ಕೈ ಹೆಂಗೆ ಬರ್ತದೆ?

ರುದ್ರಾಣಿ: ಕೈ ಅಲ್ಲ ಅತ್ತೆ, ಹೆಬ್ಬೆಟ್ಟು. ಮೊಬೈಲ್‌ನಾಗೆ ಬರೀತಿರೋದು.

ನಲ್ಲೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮನೆಯ ಮುಂಭಾಗವನ್ನೇ ಫ್ಯಾನ್ಸಿ ಸ್ಟೋರ್ ಮಾಡಿಕೊಂಡಿದ್ದ ರುದ್ರಾಣಿ, ಬಳೆ, ಕ್ಲಿಪ್ಪು, ಟಿಕಳಿ ಮಾರುವ ನಡುವೆ ಸಿಕ್ಕ ಹೊತ್ತಿನಲ್ಲೆಲ್ಲ ಹೆಬ್ಬೆರಳು ಆಡಿಸಿ ಆಡಿಸಿ ಇಡೀ ಒಂದು ಕಾದಂಬರಿ ಬರೆದಿದ್ದಳು. ಸಂಸಾರದ ಕಾದಂಬರಿಯಲ್ಲ. ನಾಲ್ಕು ಜನ ಗಗನಯಾತ್ರಿಗಳು ಶನಿಗ್ರಹವನ್ನೂ ದಾಟಿ, ಅಲ್ಲಿಯವರೆಗೆ ಮನುಷ್ಯ ಮಾತ್ರದವನು ಕಾಲಿಡದ ಕತ್ತಲೆಗೆ ಹೋಗುವ ರೋಚಕ ಕಥೆ. ಬೆಂಗಳೂರಿನ ಪ್ರಕಾಶನವೊಂದು ಸ್ಪರ್ಧೆ ಏರ್ಪಡಿಸಿತ್ತು. ಅಂದು ಸಂಜೆ ಐದಕ್ಕೆ ಬಾಗಿಲು ಮುಚ್ಚುತ್ತಿತ್ತು. ಹಿಂದೆ ಎರಡು ಸಲ ಅವಳು ಕಳಿಸಿದ್ದ ಕಥೆಗಳು ಹೋದ ದಾರಿಯಲ್ಲೇ ಹಿಂದಿರುಗಿದ್ದವು. ಎರಡನೆಯ ಸಲ ಸಂಪಾದಕರು ಒಂದು ಮಾತನ್ನೂ ಸೇರಿಸಿದ್ದರು: ‘ನಿಮ್ಮ ಕಥೆಯಲ್ಲಿ ಯಾರಿಗೂ ಏನೂ ಆಗುವುದಿಲ್ಲ. ಓದುವವರಿಗೆ ಸ್ವಲ್ಪವಾದರೂ ಭಯವಾಗಬೇಡವೇ?’ ಹೆಸರೇನೋ ರುದ್ರಾಣಿ. ಕಥೆಯಲ್ಲಿ ಒಂದು ಇರುವೆಯನ್ನೂ ಕೊಂದವಳಲ್ಲ. ಆ ಮಾತು ಮುಳ್ಳಿನಂತೆ ಚುಚ್ಚಿ ಒಳಗೇ ಮುರಿದುಕೊಂಡಿತ್ತು. ಈ ಸಲ ಕೊಂದೇ ತೀರುವುದೆಂದು ಸೆರಗು ಬಿಗಿದು, ಮಧ್ಯಾಹ್ನದ ಊಟವಾದ ಮೇಲೆ ಕ್ಯಾಪ್ಟನ್ ಗುರುಬಸವರಾಜನನ್ನು ಮುಗಿಸಿದಳು. ಮುಗಿಸಿದ್ದನ್ನು ದಿನದ ರೂಢಿಯಂತೆ ಅತ್ತೆಗೆ ಓದಿ ಹೇಳಿದ್ದೇ ತಪ್ಪಾಯಿತು. ಅತ್ತೆ ಆಗಲೇ ಒಮ್ಮೆ ಬೀದಿಗೆ ಹೋಗಿ ಅತ್ತೂ ಬಂದಿದ್ದಳು.

ಅತ್ತೆಯ ಮುಂದೆ ಮೊರದ ತುಂಬ ಹೆಸರುಕಾಳು. ಕಲ್ಲು ಆರಿಸುವ ಕೈ ಯಾವಾಗಲೋ ನಿಂತಿತ್ತು.

ದ್ಯಾಮಮ್ಮ: ಹೊರಗೆ ಹೋಗುವಾಗ ಹಗ್ಗ ಕಟ್ಕೊಂಡಿದ್ನೋ ಇಲ್ವೋ?

ರುದ್ರಾಣಿ: ಕಟ್ಕೊಂಡಿದ್ದ. ನೌಕೆಗೆ ತೂತು ಬಿದ್ದಿತ್ತಲ್ಲ, ಅದನ್ನ ಮುಚ್ಚಾಕೆ ಹೋದ. ಮುಚ್ಚಿದ. ವಾಪಸ್ ಬರುವಾಗ ಎಲ್ಲಿಂದಲೋ ಹಾರಿ ಬಂದ ಕಲ್ಲು ಬಡಿದು ಹಗ್ಗ ತುಂಡಾತು.

ದ್ಯಾಮಮ್ಮ: ಎರಡು ಹಗ್ಗ ಕಟ್ಟು.

ರುದ್ರಾಣಿ: ಎರಡು ಹಗ್ಗ ಕಟ್ಟಿದ್ರೆ ಕಥೆ ಎಲ್ಲೈತೆ ಅತ್ತೆ?

ದ್ಯಾಮಮ್ಮ: ಆಕಳ ಕಟ್ಟೋ ಹಗ್ಗಾನೇ ನಾವು ಎರಡೆರಡು ಸಲ ಜಗ್ಗಿ ನೋಡ್ತೀವಿ. ನೀನು ಮನುಷ್ಯನ್ನ ಒಂದೆಳೆ ಮ್ಯಾಲೆ ಬಿಟ್ಟೀಯಲ್ಲೇ! ಅದೂ ಹೋಗಿ ಹೋಗಿ ಶನಿ ಹತ್ರ. ಊರಾಗಿರೋರೇ ಶನಿವಾರ ಬಂದ್ರೆ ಎಳ್ಳೆಣ್ಣೆ ದೀಪ ಹಚ್ಚಿ, ನಮ್ಮ ಕಡೆ ನೋಡಬ್ಯಾಡಪ್ಪಾ ಅಂತಾರೆ. ಇವನು ಅವನ ಬಾಗಿಲಿಗೇ ಹೋಗ್ಯಾನೆ.

ರುದ್ರಾಣಿ: ಬಾಗಿಲಿಗಲ್ಲ, ದಾಟಿ ಮುಂದಕ್ಕೆ ಹೋಗ್ಯಾನೆ.

ದ್ಯಾಮಮ್ಮ: ದಾಟುವಾಗ ಕೈ ಮುಗಿದ್ನಾ?

ರುದ್ರಾಣಿ: ಫೋಟೋ ತೆಗ್ದ.

ದ್ಯಾಮಮ್ಮ: ನೋಡು! ಹಂಗಾದ್ರೆ ತಪ್ಪು ಅವನದೂ ಐತೆ. ಆದ್ರೂ ಸಾಯೋವಂಥ ತಪ್ಪಲ್ಲ ಬಿಡು. ಕಾಲಿಗೆ ಪೆಟ್ಟು ಮಾಡು, ಸಾಕು.

ರುದ್ರಾಣಿ: ಕಾಲಿಗೆ ಪೆಟ್ಟಾದ್ರೆ ಯಾರು ಹೆದರ್ತಾರೆ ಅತ್ತೆ? ನಮ್ಮ ಬೀದಿ ಗುಂಡಿಯಾಗೆ ದಿನಾ ಒಬ್ರಿಗೆ ಆಗ್ತೈತೆ.

ದ್ಯಾಮಮ್ಮ: ಆ ಡಾಕ್ಟ್ರು ಹುಡುಗಿ ಜ್ಯೋತಿಲಕ್ಷ್ಮಿ ಗತಿ ಏನು? ಊರಿಗೆ ಬಂದ್ಮೇಲೆ ಇಬ್ರಿಗೂ ಗಂಟು ಹಾಕಿಸ್ಬೇಕು ಅಂದ್ಕೊಂಡಿದ್ದೆ ನಾನು.

ರುದ್ರಾಣಿ: ಅಯ್ಯೋ, ಅವರು ಜೊತೇಲಿ ಕೆಲಸ ಮಾಡೋರು ಅಷ್ಟೇ.

ದ್ಯಾಮಮ್ಮ: ಆರು ವರ್ಷ ಒಂದೇ ಡಬ್ಬಿಯಾಗೆ ಅದಾರೆ. ಜಗಳ ಆಡ್ತಾರೆ, ಮಾತು ಬಿಡ್ತಾರೆ, ಮತ್ತೆ ಆಡ್ತಾರೆ. ಇನ್ನೇನು ಬಾಕಿ ಐತೆ? ತಾಳಿ ಒಂದೇ.

ತಪ್ಪು ರುದ್ರಾಣಿಯದೇ. ಮೊದಲು ಕ್ಯಾಪ್ಟನ್ನನಿಗೆ ಆರ್ಯನ್ ಎಂದು ಹೆಸರಿಟ್ಟಿದ್ದಳು. ಎರಡು ಅಧ್ಯಾಯವಾಗುವವರೆಗೂ ಅತ್ತೆ ಆಕಳಿಸುತ್ತಲೇ ಕೇಳಿ, ‘ಅಂಥ ಹೆಸರಿನೋನು ಎಲ್ಲಿಗೆ ಹೋದ್ರೆ ನನಗೇನು’ ಎಂದುಬಿಟ್ಟಿದ್ದಳು. ಅವಳನ್ನು ಎಬ್ಬಿಸಿ ಕೂರಿಸಬೇಕೆಂದು ಹೆಸರು ಬದಲಿಸಿ ಗುರುಬಸವರಾಜ್ ಎಂದು ಮಾಡಿ, ಅತ್ತೆಯ ತವರಾದ ಜಗಳೂರು ಕಡೆಯವನು ಎಂದು ಒಂದು ಸಾಲು ಬರೆದಳು. ಅಂದಿನಿಂದ ಅವನು ದ್ಯಾಮಮ್ಮನಿಗೆ ಹೆತ್ತ ಮಗನಿಗಿಂತ ಹೆಚ್ಚಾದ. ಹೆತ್ತ ಮಗನಾದರೋ ಅದೇ ಹೊತ್ತಿಗೆ ಬೈಕಿನಿಂದ ಇಳಿದು, ಕೈಯಲ್ಲೊಂದು ಸುಗಂಧರಾಜದ ಹಾರ ಹಿಡಿದು ಬಾಗಿಲಲ್ಲಿ ನಿಂತ. ಮುಖ ಬಾಡಿತ್ತು. ಅಡಿಕೆ ವ್ಯಾಪಾರಿ ಕೊಟ್ರೇಶ್ ಈಚೆಗೆ ಸೊಸೈಟಿ ಚುನಾವಣೆಗೆ ನಿಂತಿದ್ದರಿಂದ ದುಃಖದ ಮನೆಗಳಿಗೆ ಎಲ್ಲರಿಗಿಂತ ಮೊದಲು ಹೋಗುವುದನ್ನು ರೂಢಿ ಮಾಡಿಕೊಂಡಿದ್ದ.

ಕೊಟ್ರೇಶ್: ಯಾವಾಗ ಹೋದ್ನವ್ವ ಗುರುಬಸವರಾಜ?

ದ್ಯಾಮಮ್ಮ: (ಕಣ್ಣೊರೆಸಿಕೊಂಡು) ಊಟ ಆದ್ಮೇಲೆ ಕಣಪ್ಪ.

ಕೊಟ್ರೇಶ್: ಬೆಳಿಗ್ಗೆ ನನ್ನ ಜೊತೆ ಚೆನ್ನಾಗೇ ಮಾತಾಡಿದ್ನಲ್ಲ! ಹೆಂಗಾತು?

ದ್ಯಾಮಮ್ಮ: ಹೊರಗೆ ಹೋಗಿದ್ದ. ಗಾಳಿ ಸಿಗ್ಲಿಲ್ಲ. ಉಸಿರು ಕಟ್ತು.

ಕೊಟ್ರೇಶ್: ಡಾಕ್ಟ್ರತ್ರ ಒಯ್ಯಾಕೆ ಯಾರೂ ಇರ್ಲಿಲ್ವಾ?

ದ್ಯಾಮಮ್ಮ: ಡಾಕ್ಟ್ರು ಅಲ್ಲೇ ಒಳಗಿದ್ಲು. ಬಾಗಿಲು ತೆಗೀಲಿಲ್ಲ.

ಕೊಟ್ರೇಶ್: ತೆಗೀಲಿಲ್ವಾ! ಯಾರವಳು? ನಾನು ಬಿಡ್ತೀನಾ? ಈಗಿಂದೀಗ್ಲೇ ಹತ್ತು ಜನ ಕರ್ಕೊಂಡು ಹೋಗಿ...

ದ್ಯಾಮಮ್ಮ: ಅವಳದೇನೂ ತಪ್ಪಿಲ್ಲ ಬಿಡು. ಎಲ್ಲಾ ಮಾಡಿದ್ದು ನಿನ್ನ ಹೆಂಡ್ತಿ.

ಕೊಟ್ರೇಶ್ ಹೆಂಡತಿಯನ್ನು ನೋಡಿದ. ಹೆಂಡತಿ ಮೊಬೈಲಿಗೆ ಚಾರ್ಜರ್ ಸಿಕ್ಕಿಸುತ್ತಿದ್ದಳು.

ಕೊಟ್ರೇಶ್: ರುದ್ರಾಣಿ... ಏನೇ ಮಾಡ್ದೆ?

ರುದ್ರಾಣಿ: ಹಗ್ಗ ತುಂಡು ಮಾಡ್ದೆ. ಬೇಕಾಗಿತ್ತು ಕಣ್ರೀ, ಅದಕ್ಕೇ ಮಾಡ್ದೆ.

ಕೊಟ್ರೇಶ್: (ಒಳಗೆ ಬಂದು, ಬಾಗಿಲು ಎಳೆದುಕೊಂಡು, ಪಿಸುದನಿಯಲ್ಲಿ) ಯಾರಾದ್ರೂ ನೋಡಿದ್ರಾ?

ದ್ಯಾಮಮ್ಮ: ಮೂರು ಜನ ಕಿಟಕಿಯಾಗಿಂದ ನೋಡಿದ್ರು.

ಕೊಟ್ರೇಶ್: ಮುಗೀತು. ಚುನಾವಣೆ ಮುಗೀತು!

ರುದ್ರಾಣಿ: ಚುನಾವಣೆ ಹೆಂಗೆ ಮುಗೀತದೆ? ರೀ, ನೀವು ಯಾರ ವಿಷಯ ಮಾತಾಡ್ತಿರೋದು?

ಕೊಟ್ರೇಶ್: ಇನ್ಯಾರು? ಗೋವಿನಕೋವಿ ದೊಡ್ಡಪ್ಪನ ಮಗ, ಪ್ರಚಾರಕ್ಕೆ ಜೀಪು ಕೊಟ್ಟೋನು! ಅವ್ವ ಬೀದಿಯಾಗೆ ನಿಂತು, ನಮ್ಮ ಗುರುಬಸವರಾಜ ಹೋಗ್ಬಿಟ್ಟ ಅಂತ ಅಳ್ತಾಳೆ ಅಂತ ಎದುರು ಮನೆ ಹನುಮಂತಮ್ಮ ಫೋನ್ ಮಾಡಿದ್ಲು.

ರುದ್ರಾಣಿಗೆ ನಗು ತಡೆಯಲಾಗಲಿಲ್ಲ. ಸತ್ತವನು ಕಥೆಯ ಗುರುಬಸವರಾಜ್ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಕೊಟ್ರೇಶ್ ಹಾರವನ್ನು ಬಳೆಯ ಸ್ಟ್ಯಾಂಡಿಗೆ ತಗುಲಿಸಿ ಸ್ಟೂಲಿನ ಮೇಲೆ ಕುಸಿದು ಕೂತ. ಮರುಕ್ಷಣವೇ ಚೇಳು ಕುಟುಕಿದವನಂತೆ ಎದ್ದ.

ಕೊಟ್ರೇಶ್: ಅಯ್ಯಯ್ಯೋ, ಗ್ರೂಪಿಗೆ ಹಾಕ್ಬಿಟ್ಟೀನಿ!

ರುದ್ರಾಣಿ: ಏನಂತ?

ಕೊಟ್ರೇಶ್: ಭಾವಪೂರ್ಣ ಶ್ರದ್ಧಾಂಜಲಿ ಅಂತ. ಅವನ ಫೋಟೋ ಹಾಕಿ, ದೀಪ ಹಚ್ಚಿ. ಆಗ್ಲೇ ಎಲ್ರೂ ಕೈ ಮುಗಿದಾರೆ ನೋಡು. ಮಲ್ಲಿಕಾರ್ಜುನಪ್ಪ ಮುಗಿದಾನೆ, ಅರುಣ್ ಕುಮಾರ ಮುಗಿದಾನೆ, ಗುರುಬಸವರಾಜ...

ರುದ್ರಾಣಿ: ಯಾವ ಗುರುಬಸವರಾಜ?

ಕೊಟ್ರೇಶ್: ಅವನೇ. ತನಗೆ ತಾನೇ ಕೈ ಮುಗಿದಾನೆ.

ದ್ಯಾಮಮ್ಮ: ಒಳ್ಳೇ ಮನುಷ್ಯ.

ಕೊಟ್ರೇಶ್: ಒಳ್ಳೇ ಮನುಷ್ಯ ಅಲ್ಲವ್ವ, ಫೋಟೋ ನೋಡಿಲ್ಲ! ದೀಪ ಕಂಡ್ರೆ ಸಾಕು ಕೈ ಮುಗಿಯೋ ಚಟ. (ಅವಸರದಲ್ಲಿ ಅಳಿಸುತ್ತ) ಲೇ ರುದ್ರಾಣಿ, ಮೊದ್ಲು ಆ ನಿನ್ನ ಕ್ಯಾಪ್ಟನ್ನ ಬದುಕ್ಸು. ನಾಳೆ ಪುಸ್ತಕ ಆಗಿ ಗೋವಿನಕೋವಿಗೆ ಹೋತು ಅನ್ಕ. ನನ್ನ ಹೆಸರಿಟ್ಟು ಕೊಂದಾರೆ ಅಂತ ಅವನು ಜೀಪು ವಾಪಸ್ ಒಯ್ತಾನೆ.

ದ್ಯಾಮಮ್ಮ: ನೋಡಿದ್ಯಾ? ನನ್ನ ಮಗನೂ ಅದನ್ನೇ ಅಂತಾನೆ. ಮನ್ಯಾಗೆ ಇಬ್ರು ಒಂದು ಮಾತು ಅಂದ್ಮೇಲೆ ಕೇಳ್ಬೇಕು.

ರುದ್ರಾಣಿ: ಜೀಪಿಂದೇ ಚಿಂತೆ ಆದ್ರೆ ಹೆಸ್ರು ಬದಲಾಯಿಸ್ತೀನಿ ಬಿಡ್ರಿ. ಕೆಂಚೇಶ್ ಅಂತ ಇಡ್ತೀನಿ. ಕೆಂಚೇಶ್ ಸಾಯ್ಲಿ.

ಕೊಟ್ರೇಶ್: ಹಾಂ, ಇದು ಮಾತು! ಕೆಂಚೇಶ್ ಅನ್ನೋರು ನಮ್ಮ ಪೈಕಿ ಯಾರೂ ಜೀಪು ಇಟ್ಟಿಲ್ಲ.

ದ್ಯಾಮಮ್ಮ: ಹೆಸ್ರು ಬದಲಾಯ್ಸಾಕೆ ಆಗಂಗಿಲ್ಲ.

ರುದ್ರಾಣಿ: ಯಾಕೆ ಅತ್ತೆ?

ದ್ಯಾಮಮ್ಮ ಮೊರದಲ್ಲಿ ಇಲ್ಲದ ಕಲ್ಲೊಂದನ್ನು ಬಹಳ ಶ್ರದ್ಧೆಯಿಂದ ಹುಡುಕತೊಡಗಿದಳು.

ದ್ಯಾಮಮ್ಮ: ಆ ಹೆಸ್ರು ಹೇಳೇ ಊರಮ್ಮಂಗೆ ಹರಕೆ ಹೊತ್ತೀನಿ.

ರುದ್ರಾಣಿ: ಯಾವಾಗ?

ದ್ಯಾಮಮ್ಮ: ನೌಕೆಗೆ ತೂತು ಬಿತ್ತು ಅಂತ ಓದಿದ್ಯಲ್ಲ, ಹೋದ ಮಂಗಳವಾರ. ರಾತ್ರಿ ಊಟ ಸೇರ್ಲಿಲ್ಲ ನನಗೆ. ಬೆಳಿಗ್ಗೆ ಎದ್ದೋಳೇ ಗುಡಿಗೆ ಹೋಗಿ, ತಾಯೀ, ನಮ್ಮ ಜಗಳೂರು ಕಡೆ ಹುಡುಗ ದೂರದಾಗೆ ಸಿಕ್ಕಾಕ್ಕೊಂಡಾನೆ, ಕ್ಷೇಮವಾಗಿ ಮನೆ ಮುಟ್ಟಿಸು ಅಂತ ಸೆರಗೊಡ್ಡಿದೆ.

ಕೊಟ್ರೇಶ್: ಕಥೆಯೋನಿಗೆ ಯಾರಾದ್ರೂ ಹರಕೆ ಹೊರ್ತಾರೇನವ್ವ?

ದ್ಯಾಮಮ್ಮ: ಅವನು ಕಥೆಯೋನು ಅಂತ ನಾನು ಅಮ್ಮಂಗೆ ಹೇಳಿಲ್ಲ. ಹೆಸ್ರು ಹೇಳ್ದೆ, ಕಷ್ಟ ಹೇಳ್ದೆ. ಉಳಿದದ್ದು ಕೇಳೋ ಪದ್ಧತಿ ಅಮ್ಮಂಗಿಲ್ಲ. ಬಲಗಡೆ ಹೂವು ಕೊಟ್ಲು. ಈಗ ನಿನ್ನ ಹೆಂಡ್ತಿ ಅವನ್ನ ಕೊಂದ್ರೆ, ಕೊಟ್ಟ ಹೂವಿನ ಗತಿ ಏನು? ದೇವಿ ಮಾತು ಸುಳ್ಳು ಮಾಡಿದೋಳು ಅನ್ನಿಸ್ಕೊಂತಾಳಾ?

ರುದ್ರಾಣಿ ಅತ್ತೆಯನ್ನೇ ನೋಡಿದಳು. ಓದುವವರಿಗೆ ಭಯವಾಗುವುದಿಲ್ಲ ಎಂದಿದ್ದರು ಆ ಸಂಪಾದಕರು. ಇಲ್ಲಿ ಅರವತ್ತೆಂಟರ ಮುದುಕಿಯೊಬ್ಬಳು ರುದ್ರಾಣಿ ಹೆಬ್ಬೆರಳಲ್ಲಿ ಕುಟ್ಟಿದ ಒಂದು ತೂತಿಗೆ ಹೆದರಿ, ಊಟ ಬಿಟ್ಟು, ಗುಡಿಯ ಮುಂದೆ ಸೆರಗೊಡ್ಡಿ ನಿಂತಿದ್ದಳು. ಬಹುಮಾನ ಬಂದಿದ್ದರೂ ಅವಳಿಗೆ ಇಷ್ಟು ಸಂತೋಷವಾಗುತ್ತಿತ್ತೋ ಇಲ್ಲವೋ. ಆದರೆ ಸಂತೋಷವಾಯಿತೆಂದು ಕ್ಯಾಪ್ಟನ್ನನನ್ನು ಮನೆಗೆ ಕರೆತಂದು ಪಾಯಸ ಬಡಿಸಿದರೆ, ಅದೇ ಹಳೆಯ ಮಾತು ಇನ್ನೊಂದು ಸಲ ಕೇಳಬೇಕಾಗುತ್ತಿತ್ತು.

ಕೊಟ್ರೇಶ್: ಆತು ಬಿಡು, ಹೊತ್ತಿದ್ದು ಹೊತ್ತೀಯ. ತೀರಿಸಿದ್ರಾತು. ಏನಂತ ಹೊತ್ತಿ? ಉಡಿ ತುಂಬೋದಾ? ಹೋಳಿಗೆ ಊಟನಾ? ಸೊಸೈಟಿ ಮತದಾರರನ್ನೂ ಅದರಾಗೇ ಕರೆದುಬಿಡಾನ.

ದ್ಯಾಮಮ್ಮ: ಮುಡಿ.

ಕೊಟ್ರೇಶ್: ಒಳ್ಳೇದು. ಯಾರ್ದು?

ದ್ಯಾಮಮ್ಮ: ಮನೆ ಗಂಡಸಿಂದು.

ಕೊಟ್ರೇಶನ ಕೈ ತಾನಾಗಿಯೇ ತಲೆಗೆ ಹೋಯಿತು. ಆ ಮನೆಯಲ್ಲಿ ಗಂಡಸು ಎಂದರೆ ಕೊಟ್ರೇಶ್ ಒಬ್ಬನೇ. ಅವನ ಕೂದಲೋ, ನಲ್ಲೂರಿನಲ್ಲಿ ಅಡಿಕೆಗಿಂತ ಹೆಚ್ಚು ಜೋಪಾನ ಮಾಡಿದ ಬೆಳೆ. ಐವತ್ತು ದಾಟಿದರೂ ಒಂದೆಳೆ ಉದುರಿರಲಿಲ್ಲ. ತಿಂಗಳಿಗೆರಡು ಸಲ ಬಣ್ಣ, ದಿನಕ್ಕೆ ಮೂರು ಸಲ ಬಾಚಣಿಗೆ. ಚುನಾವಣೆಯ ಫ್ಲೆಕ್ಸಿನಲ್ಲಿ ಅವನ ಮುಖಕ್ಕಿಂತ ಕೂದಲೇ ದೊಡ್ಡದಾಗಿ ಬಂದಿತ್ತು.

ಕೊಟ್ರೇಶ್: ಅವ್ವಾ! ನನ್ನ ತಲೆ ಕಣವ್ವ ಅದು!

ದ್ಯಾಮಮ್ಮ: ಹೆತ್ತೋಳು ನಾನು. ನಿನ್ನ ತಲೆ ಮ್ಯಾಲೆ ನನಗೆ ಅಷ್ಟೂ ಅಧಿಕಾರ ಇಲ್ವಾ?

ಕೊಟ್ರೇಶ್: ಫ್ಲೆಕ್ಸ್‌ನಾಗೆ ಕೂದ್ಲು ಐತೆ, ಬಾಗಿಲಿಗೆ ಬೋಳು ತಲೆ ಬಂದ್ರೆ, ಇವನು ಬ್ಯಾರೆ ಅಭ್ಯರ್ಥಿ ಅಂತ ಜನ ನೀರೂ ಕೊಡಲ್ಲ. (ಹೆಂಡತಿಯ ಕಡೆ ತಿರುಗಿ, ತೀರ ಮೃದುವಾಗಿ) ರುದ್ರಾಣಿ, ನಾನು ವಿಚಾರ ಮಾಡಿ ನೋಡ್ದೆ. ಅವನು ಸಾಯೋದೇ ಚೆಂದ.

ದ್ಯಾಮಮ್ಮ: ಈಗಿನ್ನೂ ಬದುಕ್ಸು ಅಂದ್ಯಲ್ಲೋ?

ಕೊಟ್ರೇಶ್: ಆವಾಗ ಕಥೆ ಪೂರ್ತಿ ಗೊತ್ತಿರ್ಲಿಲ್ಲ. ಪಾಪ, ಅವನು ಎಲ್ರಿಗೋಸ್ಕರ ಪ್ರಾಣ ಕೊಡ್ತಿದಾನೆ. ಅಂಥ ತ್ಯಾಗ ಮಾಡೋನ ಕೈ ಹಿಡಿದು ಎಳೀಬಾರ್ದವ್ವ.

ದ್ಯಾಮಮ್ಮ: ಜೀಪು?

ಕೊಟ್ರೇಶ್: ಜೀಪು ಹೋದ್ರೆ ಹೋಗ್ಲಿ, ಬೈಕ್‌ನಾಗೆ ತಿರುಗ್ತೀನಿ. ಅಲ್ಲ, ಹೊರಗೆ ಗಾಳಿ ಇಲ್ಲ. ಗಾಳಿ ಇಲ್ದೆ ಮನುಷ್ಯ ಹೆಂಗೆ ಬದುಕ್ತಾನೆ? ಇದು ವಿಜ್ಞಾನ! ವಿಜ್ಞಾನಕ್ಕೆ ದ್ರೋಹ ಮಾಡಬ್ಯಾಡ ರುದ್ರಾಣಿ.

ದ್ಯಾಮಮ್ಮ: ಬೆನ್ನಿಗೆ ಸಿಲಿಂಡರ್ ಕಟ್ಕೊಂಡಾನೆ. ಕೇಳ್ಸಿಕೊಂಡಿದ್ರೆ ಗೊತ್ತಾಗ್ತಿತ್ತು.

ಕೊಟ್ರೇಶ್: ಸಿಲಿಂಡರ್ ಎಷ್ಟು ದಿನ ಬರ್ತದವ್ವ? ನಮ್ಮನೇದೇ ತಿಂಗಳು ತುಂಬಲ್ಲ.

ದ್ಯಾಮಮ್ಮ: ಅವನೇನು ಅದರಾಗೆ ರೊಟ್ಟಿ ಸುಡ್ತಾನಾ?

ಕೊಟ್ರೇಶ್: ಇವಳು ಬರೆದಿದ್ದನ್ನ ಬರೆದಂಗೇ ಬಿಡು ಅಂತಿದೀನಿ. ಲೇಖಕಿ ಮನಸಿಗೆ ಬ್ಯಾಸರ ಮಾಡಬಾರ್ದು.

ರುದ್ರಾಣಿ: ಇವತ್ತು ಬೆಳಿಗ್ಗೆ ತಂಕ ಮೊಬೈಲ್ ಒತ್ತೋಳು ಆಗಿದ್ದೆ. ಯಾವಾಗ ಲೇಖಕಿ ಆದೆ?

ಕೊಟ್ರೇಶ್: ಇಲ್ಲ ಕಣೇ, ನನ್ನ ಮನಸಿನಾಗೆ ನೀನು ಯಾವಾಗ್ಲೂ...

ದ್ಯಾಮಮ್ಮ: ಬರೆಯೇ ನೀನು. ಎರಡನೇ ಹಗ್ಗ ಕಟ್ಟು!

ಕೊಟ್ರೇಶ್: ಕಟ್ಟಬ್ಯಾಡ! ಅದನ್ನೂ ಹರಿ!

ರುದ್ರಾಣಿ: ಸುಮ್ನಿರ್ರೀ ಇಬ್ರೂ!

ಗಲ್ಲಾ ಮೇಲೆ ಅವಳು ಕೈ ಬಡಿದ ರಭಸಕ್ಕೆ ಬಳೆಗಳೆಲ್ಲ ಗಲಗಲ ಎಂದವು. ಐದಕ್ಕೆ ಇನ್ನು ಕಾಲು ಗಂಟೆ. ರುದ್ರಾಣಿ ಮೊಬೈಲ್ ಹಿಡಿದು ಗೋಡೆಗೆ ಮುಖ ಮಾಡಿ ಕೂತಳು. ಬೆನ್ನ ಹಿಂದೆ ತಾಯಿ, ಮಗ ಇಬ್ಬರೂ ಉಸಿರು ಬಿಗಿಹಿಡಿದಿದ್ದರು. ಅವಳಿಗೆ ಅದು ಕೇಳಿಸುತ್ತಿತ್ತು. ಒಬ್ಬಳಿಗೆ ಅವನು ಬದುಕಬೇಕು, ಇನ್ನೊಬ್ಬನಿಗೆ ಸಾಯಬೇಕು; ಇಬ್ಬರಿಗೂ ಅವನು ಇರುವುದಂತೂ ನಿಜವಾಗಿಹೋಗಿತ್ತು. ಹಾಗಿದ್ದ ಮೇಲೆ ಅವನನ್ನು ಕೊಲ್ಲುವುದಕ್ಕಿಂತ ಹೆಚ್ಚಿನ ಕೆಲಸವೊಂದು ಉಂಟಲ್ಲ ಎಂದು ಅವಳಿಗೆ ಥಟ್ಟನೆ ಹೊಳೆಯಿತು. ಸತ್ತ ಸಾಲುಗಳನ್ನು ಅಳಿಸಿದಳು. ಹೊಸದಾಗಿ ಬರೆದಳು. ಆಮೇಲೆ ತಿರುಗಿ ಕೂತು, ದನಿ ತಗ್ಗಿಸಿ ಓದಿದಳು:

‘ಹಗ್ಗ ತುಂಡಾಗಿತ್ತು. ನೌಕೆಯೇ ಅವನಿಂದ ದೂರ ಸರಿಯುತ್ತಿತ್ತೋ, ಅವನೇ ನೌಕೆಯಿಂದ ದೂರವಾಗುತ್ತಿದ್ದನೋ ತಿಳಿಯಲಿಲ್ಲ. ಒಳಗಿದ್ದ ಮೂವರೂ ರೇಡಿಯೊ ಮುಂದೆ ಕೂತರು. ಮಾತು ನಿಂತುಹೋಗಿತ್ತು. ಉಸಿರಾಡುವ ಸದ್ದು ಮಾತ್ರ ಬರುತ್ತಿತ್ತು. ಒಂದು ಉಸಿರು. ಬಹಳ ಹೊತ್ತಿನ ಮೇಲೆ ಇನ್ನೊಂದು. ಜ್ಯೋತಿಲಕ್ಷ್ಮಿ ಎದ್ದು, ಯಾರನ್ನೂ ಕೇಳದೆ, ಬಾಗಿಲ ಹಿಡಿಯ ಮೇಲೆ ಕೈಯಿಟ್ಟಳು.’

ದ್ಯಾಮಮ್ಮ: ಆಮೇಲೆ?

ರುದ್ರಾಣಿ: ಮುಗೀತು.

ಕೊಟ್ರೇಶ್: ಸತ್ನಾ?

ರುದ್ರಾಣಿ: ಇಲ್ಲ.

ದ್ಯಾಮಮ್ಮ: ಬಂದ್ನಾ?

ರುದ್ರಾಣಿ: ಅದೂ ಇಲ್ಲ.

ಎನ್ನುತ್ತಲೇ ಕಳಿಸುವ ಗುಂಡಿ ಒತ್ತಿದಳು. ಹೋಯಿತು. ಕೈ ಕಾಲು ಹಗುರಾದವು. ಚೆನ್ನಾಗಿ ಬರೆದೆ ಎಂಬುದು ಅವಳಿಗೆ ಯಾರೂ ಹೇಳದೆಯೇ ಗೊತ್ತಾಗಿತ್ತು, ಅದೂ ಮೊದಲ ಸಲ.

ದ್ಯಾಮಮ್ಮ: (ದೀರ್ಘವಾಗಿ ಉಸಿರುಬಿಟ್ಟು) ಉಸಿರು ಐತಲ್ಲ. ಅಷ್ಟು ಸಾಕು. ಮುಂದಿನದು ಅಮ್ಮ ನೋಡ್ಕೊಂತಾಳೆ.

ಕೊಟ್ರೇಶ್: (ಕುಣಿದು) ಬರ್ಲಿಲ್ಲ ಅಂದ್ಮೇಲೆ ಮುಡಿನೂ ಇಲ್ಲ! ಅಬ್ಬಾ, ಬದುಕ್ದೆ. ತಡಿ, ಕಟಿಂಗ್ ಶಾಪಿಗೆ ಹೋಗಿ ಬರ್ತೀನಿ. ನಾಳೆ ಪ್ರಚಾರ ಐತೆ, ಬಣ್ಣ ಹಚ್ಚಿಸ್ಕೊಂಡು ಸ್ವಲ್ಪ ಟ್ರಿಮ್ ಮಾಡಿಸ್ಬೇಕು.

ದ್ಯಾಮಮ್ಮ: ಕೂತ್ಕ.

ಕೊಟ್ರೇಶ್: ಯಾಕವ್ವ?

ದ್ಯಾಮಮ್ಮ: ಮುಡಿ ಹರಕೆ ಹೊತ್ತ ಮ್ಯಾಲೆ ಅದು ತೀರೋ ತಂಕ ತಲೆಗೆ ಕತ್ತರಿ ತಾಗ್ಸಂಗಿಲ್ಲ. ಬಣ್ಣ ಅಂತೂ ಮುಟ್ಟಂಗಿಲ್ಲ. ಆ ಕೂದ್ಲು ಇನ್ನು ನಿಂದಲ್ಲ, ಅಮ್ಮಂದು.

ಕೊಟ್ರೇಶ್: ತೀರೋ ತಂಕ ಅಂದ್ರೆ?

ದ್ಯಾಮಮ್ಮ: ಅವನು ಮನೆ ಮುಟ್ಟೋ ತಂಕ.

ಕೊಟ್ರೇಶ್ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

ಕೊಟ್ರೇಶ್: ರುದ್ರಾಣಿ... ಅಲ್ಲಿಂದ ಊರಿಗೆ ಎಷ್ಟು ದೂರ?

ರುದ್ರಾಣಿ: ಬಾಗಿಲು ಇವತ್ತೇ ತೆಗೆದ್ರೂ ಆರು ವರ್ಷ ಆಗ್ತದೆ ಕಣ್ರೀ. ತೆಗೆದ್ರೆ.

ಕೊಟ್ರೇಶ್: ಆರು ವರ್ಷ! ಮುಂದಿನ ಚುನಾವಣೆಗೂ ಜಟೆ ಬಿಟ್ಕೊಂಡೇ ನಿಲ್ಲಬೇಕಾ? (ತಲೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಳಿತು) ಹೇಳೇ, ಆ ಡಾಕ್ಟ್ರು ಬಾಗಿಲು ತೆಗೀತಾಳಾ ಇಲ್ವಾ? ಅವನು ಬಾಗಿಲಿಗೆ ಹತ್ರ ಅದಾನಾ, ದೂರ ಹೋಗ್ಯಾನಾ? ಸಿಲಿಂಡರ್‌ನಾಗೆ ಎಷ್ಟು ಉಳಿದೈತೆ? ಮುಂದೇನಾಗ್ತದೆ ಹೇಳೇ!

ಮದುವೆಯಾದಂದಿನಿಂದ ಈವರೆಗೆ ಗಂಡನ ಬಾಯಿಂದ ಬಾರದಿದ್ದ ಪ್ರಶ್ನೆ ಅದು. ರುದ್ರಾಣಿ ಅದನ್ನು ಎರಡು ಕ್ಷಣ ಸವಿದಳು.

ರುದ್ರಾಣಿ: ನನಗೂ ಗೊತ್ತಿಲ್ಲ ಕಣ್ರೀ. ಇನ್ನು ಅದು ನನ್ನ ಕೈಯಾಗಿಲ್ಲ.

ದ್ಯಾಮಮ್ಮ: ಅವಳನ್ನ ಯಾಕೆ ಕಾಡ್ತೀಯ? ಅಷ್ಟು ಆತುರ ಇದ್ರೆ ಎದ್ದು ಗುಡಿಗೆ ಹೋಗು. ಬಾಗಿಲು ಬೇಗ ತೆಗೀಲಿ ತಾಯೀ ಅಂತ ನೀನೂ ಒಂದು ಹರಕೆ ಹೊತ್ಕ.

ಕೊಟ್ರೇಶ್: ಹರಕೆ ಹೊರಾಕೆ ನನ್ನ ಹತ್ರ ಇನ್ನೇನು ಉಳಿದೈತವ್ವ? ಇದ್ದೊಂದು ತಲೆಕೂದ್ಲು ನೀನೇ ಕೊಟ್ಟಾತು.

ದ್ಯಾಮಮ್ಮ ಮೊರ ಕೆಳಗಿಟ್ಟು, ಮಗನ ಮುಖವನ್ನು ಅತ್ತಿಂದಿತ್ತ ತಿರುಗಿಸಿ ಸಾವಕಾಶವಾಗಿ ನೋಡಿದಳು.

ದ್ಯಾಮಮ್ಮ: ಮೀಸೆ ಐತಲ್ಲ.